ಇಳಾ ಕೂರಬಾರದಿದ್ದ ಕುರ್ಚಿ

2023ರ ಜುಲೈ 6, ಗುರುವಾರ. ಬರ್ಲಿನ್‌ನ ಸಂಸತ್ತಿನಲ್ಲಿ ಎರಡು ಮಸೂದೆಗಳು ಮತಕ್ಕೆ ಬಂದವು. ಸಾಯಲು ನೆರವು ಬೇಕೆಂದು ಕೇಳುವವರಿಗೆ ಯಾವ ಷರತ್ತಿನ ಮೇಲೆ ನೆರವು ಸಿಗಬೇಕು ಎಂಬುದು ಎರಡರದ್ದೂ ವಿಷಯ. ಒಂದು ಬಿಗಿಯಾಗಿತ್ತು, ಇನ್ನೊಂದು ತುಸು ಸಡಿಲ. ಎರಡೂ ಬಿದ್ದವು. ಹಳೆಯ ನಿಷೇಧವನ್ನು ಸಂವಿಧಾನ ನ್ಯಾಯಾಲಯ 2020ರಲ್ಲೇ ತೆಗೆದುಹಾಕಿತ್ತು. ಹೀಗಾಗಿ ಜರ್ಮನಿಯಲ್ಲಿ ಆ ದಿನ ಸಂಜೆಗೆ ನಿಷೇಧವೂ ಇರಲಿಲ್ಲ, ನಿಯಮವೂ ಇರಲಿಲ್ಲ.

ಇದು ಈಗ ನೆನಪಾದದ್ದು ಮಜ್ಜಿಗೆ ಹುಳಿಯಿಂದ. ಮೊನ್ನೆ ಭಾನುವಾರ ಹುಳಿ ನೀರಾಯಿತೆಂದು ಕಪಾಟಿನ ಹಿಂಬದಿಯಲ್ಲಿ ಕೈಗೆ ಸಿಕ್ಕ ಬಿಳಿ ಡಬ್ಬಿಯಿಂದ ಎರಡು ಚಮಚ ಹಾಕಿದೆ. ಅಕ್ಕಿಹಿಟ್ಟು ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡಿರಲಿಲ್ಲ. ಒಂದು ನಿಮಿಷದಲ್ಲಿ ಹುಳಿ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಿನಂತಾಯಿತು. ಸೌಟು ಅದರಲ್ಲಿ ನೆಟ್ಟಗೆ ನಿಂತಿತು. ಕನ್ನಡಕ ಹುಡುಕಿ ಡಬ್ಬಿ ತಿರುಗಿಸಿ ಓದಿದೆ. ನುಂಗಲಾರದವರಿಗೆ ನೀರು, ಚಹಾ, ಸಾರು ಗಟ್ಟಿ ಮಾಡಿಕೊಡುವ ಪುಡಿ. ವಸುಧಾ ಅವರದು. ಅವರ ಗಂಡ ನಾಗರಾಜ ಬೇರೆ ಮನೆಗೆ ಹೋಗುವಾಗ ಕೊಟ್ಟ ಅಡುಗೆ ಸಾಮಾನಿನ ಜೊತೆ ಬಂದಿರಬೇಕು.

ವಸುಧಾ ಹುಬ್ಬಳ್ಳಿಯವರು. ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು, ಮಗಳು ಇಳಾ ಎರಡು ವರ್ಷದವಳಿದ್ದಾಗ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದರು. ನಮ್ಮ ಬೀದಿಯಲ್ಲೇ, ಟ್ರಾಮ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ ಮನೆ. ನಾನು ಮೈಸೂರಿನವನು, ಒಬ್ಬನೇ ಇರುವವನು, ಸುದ್ದಿಸಂಸ್ಥೆಯೊಂದರ ಡೆಸ್ಕಿನಲ್ಲಿ ಮೂವತ್ತು ವರ್ಷ ಬೇರೆಯವರ ವರದಿಗಳನ್ನು ಕತ್ತರಿಸಿ ನಿವೃತ್ತನಾದವನು. ಶನಿವಾರ ಅವರ ಮನೆಯಲ್ಲಿ ಊಟ. ತರಕಾರಿ ಹೆಚ್ಚಲು ಕೂತರೆ ಅವರು ಬಿಡುತ್ತಿರಲಿಲ್ಲ.

“ಏನ್ರೀ ಸಂಪಾದಕರ, ಮೂವತ್ತು ವರ್ಷ ಮಂದಿ ಬರದದ್ದು ಕೊಯ್ದೀರಿ, ಒಂದು ಬದನೀಕಾಯಿ ನೆಟ್ಟಗ ಕೊಯ್ಯಾಕ ಬರೂದಿಲ್ಲಲ್ಲ!”

ಆ ನಾಲಿಗೆ ಮೊದಲು ಎಡವಿದ್ದು ಟ್ರಾಮಿನಲ್ಲಿ. ಟಿಕೆಟ್ ತಪಾಸಣೆಯವನು ಅವರು ಕುಡಿದಿದ್ದಾರೆಂದು ತಿಳಿದ. ಮನೆಗೆ ಬಂದು ಅದನ್ನೇ ಹೇಳಿಕೊಂಡು ನಕ್ಕರು. ನಾಲ್ಕು ತಿಂಗಳ ನಂತರ ಕಾಯಿಲೆಗೆ ಹೆಸರು ಸಿಕ್ಕಿತು: ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈ ಹೋಯಿತು. ಮಾತಿನಿಂದ ವ್ಯಂಜನಗಳು ಕಳಚಿ, ಉಸಿರು ಬೆರೆತ ಸ್ವರಗಳಷ್ಟೇ ಉಳಿದವು. ಬುದ್ಧಿಗೆ ಏನೂ ಆಗಿರಲಿಲ್ಲ.

ಆ ಸ್ವರಗಳು ಅರ್ಥವಾಗುತ್ತಿದ್ದದ್ದು ಇಳಾ ಒಬ್ಬಳಿಗೇ. ತಾಯಿಯ ಮಾತು ಒಂದೊಂದು ಮೆಟ್ಟಿಲು ಇಳಿದಂತೆ ಅವಳ ಕಿವಿಯೂ ಜೊತೆಗೆ ಇಳಿದಿತ್ತು. ನಾಗರಾಜರಿಗೆ ಅರ್ಧ ತಿಳಿಯುತ್ತಿತ್ತು. ನನಗೆ ಏನೂ ಇಲ್ಲ. ಊಟಕ್ಕೆ ಕೂತಾಗ ವಸುಧಾ ನನ್ನತ್ತ ನೋಡಿ ಏನೋ ಅಂದರೆ ಇಳಾ ಹೇಳುವಳು: “ಅಂಕಲ್, ಮಮ್ಮಿ ಹೇಳಾಕತ್ತಾಳ, ನಿಮ್ಮ ಶರ್ಟಿನ ಗುಂಡಿ ಒಂದು ಮನಿ ಬಿಟ್ಟು ಹಾಕೀರಂತ.” ಕೆಳಗೆ ನೋಡಿದರೆ ನಿಜ. ಡಾಕ್ಟರು, ನರ್ಸು, ವಿಮೆಯವರು ಬಂದಾಗ ಅದೇ ಹುಡುಗಿ ಅಚ್ಚುಕಟ್ಟಾದ ಜರ್ಮನ್‌ನಲ್ಲಿ ಮಲಬದ್ಧತೆ, ಉಸಿರಾಟದ ಯಂತ್ರ, ಹೊಟ್ಟೆಗೆ ಹಾಕುವ ನಳಿಗೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು. ಆಗ, ಆ ಮತದಾನಕ್ಕೆ ಮುಂಚಿನ ಚಳಿಗಾಲದಲ್ಲಿ, ಅವಳಿಗೆ ಹದಿನಾಲ್ಕು ವರ್ಷ. ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು.

ಮಾತು ಪೂರ್ತಿ ಹೋಗುವ ಮುಂಚೆ, ನಾನಿನ್ನೂ ಎರಡು ಮೂರು ಸಲ ಕೇಳಿ ಅರ್ಥಮಾಡಿಕೊಳ್ಳಬಲ್ಲವನಾಗಿದ್ದ ಕಾಲದಲ್ಲಿ, ಇಳಾ ಶಾಲೆಗೆ ಹೋಗಿದ್ದ ಹೊತ್ತಿಗೆ ವಸುಧಾ ನನ್ನನ್ನು ಕರೆಸಿದ್ದರು. ನೆರವು ಕೇಳಬೇಕೆಂದಿದ್ದೇನೆ, ಅಂದರು. ಯಾವ ನೆರವು ಎಂದು ನಾನು ಕೇಳಬೇಕಾಗಲಿಲ್ಲ. ಗಂಡ ಒಪ್ಪಿರಲಿಲ್ಲ. “ಆ ಮಾತು ನಾ ನನ್ನ ಬಾಯಾಗ ಆಡೂದಿಲ್ಲ” ಎಂದು ನಾಗರಾಜ ಬೇರೆ ಕೋಣೆಗೆ ಎದ್ದು ಹೋಗಿದ್ದರಂತೆ.

“ನನ್ನ ಪರವಾಗಿ ನೀವ ಹೇಳ್ರಿ,” ಅಂದರು ವಸುಧಾ. “ಇಳಾನ ಬಾಯಾಗ ಅದು ಬರಬಾರದು. ಅಷ್ಟ ನನ್ನ ಬೇಡಿಕಿ.”

ಹೂಂ ಅಂದೆ. ಡೆಸ್ಕಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಒಪ್ಪಿಕೊಂಡ ಯಾವ ಗಡುವನ್ನೂ ತಪ್ಪಿಸುವುದಿಲ್ಲ ಎಂದು.

ಇಲ್ಲಿ ಸಂಸದೆಯೊಬ್ಬರು ಬರುತ್ತಾರೆ. ಹೆಸರು ಬೇಡ. ಹೆಸರು ಬರೆದರೆ ನೀವು ಪಕ್ಷ ಕೇಳುತ್ತೀರಿ, ಪಕ್ಷ ಹೇಳಿದರೆ ಮಿಕ್ಕದ್ದನ್ನು ಓದುವುದಿಲ್ಲ. ಪಕ್ಕದ ಊರಿನ ಕ್ಷೇತ್ರ, ಐವತ್ತರ ಆಸುಪಾಸಿನ ವಯಸ್ಸು, ಮೊದಲು ಕುಟುಂಬ ನ್ಯಾಯಾಲಯದಲ್ಲಿ ವಕೀಲೆ. ಮಕ್ಕಳ ರಕ್ಷಣೆಯ ಕಾನೂನು ಅವರ ಕ್ಷೇತ್ರ. ಸಾವಿನ ನೆರವಿನ ಚರ್ಚೆಗೆ ಬಂದದ್ದೂ ಆ ಬಾಗಿಲಿನಿಂದಲೇ. ಅವರ ಹೇಳಿಕೆಗಳನ್ನು ನಾನು ವರ್ಷಗಟ್ಟಲೆ ಕತ್ತರಿಸಿದ್ದೆ. ಅವರಿಗೆ ಅದು ಗೊತ್ತಿತ್ತು, ಮರೆತಿರಲಿಲ್ಲ.

ಅವರದೊಂದು ವಿಚಿತ್ರ ಪದ್ಧತಿ. ಕಾನೂನಿನ ಯಾವ ಕಲಮು ಬರೆದರೂ ಕಚೇರಿಯ ಕುರ್ಚಿಗಳನ್ನು ಎಳೆದು ಹಾಕಿ ಜನರನ್ನು ಕೂರಿಸಿ ಅದನ್ನು ಆಡಿಸಿ ನೋಡುವುದು. ನಾನು ವಸುಧಾರ ವಿಷಯ ಹೇಳಲು ಹೋದ ದಿನ ನಾಲ್ಕು ಕುರ್ಚಿ ಹಾಕಿದ್ದರು. ರೋಗಿ, ವೈದ್ಯ, ಸಲಹೆಗಾರ್ತಿ; ನಾಲ್ಕನೆಯದು, ರೋಗಿಯ ಮಾತು ದಾಟಿಸುವವರದು, ಖಾಲಿ.

“ಅವರ ಮನೆಯಲ್ಲಿ ಇಲ್ಲಿ ಯಾರು ಕೂರುತ್ತಾರೆ?” ಎಂದು ನನ್ನನ್ನು ಕೇಳಿದರು.

“ಮಗಳು. ಒಂಬತ್ತನೇ ಕ್ಲಾಸು.”

ಅವರು ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆದರು: ಈ ಸಮಾಲೋಚನೆಯಲ್ಲಿ ಅಪ್ರಾಪ್ತ ವಯಸ್ಕರು ದುಭಾಷಿಗಳಾಗಿರಕೂಡದು. ಆಮೇಲೆ ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿ ಆಡಿಸಿದರು. ಅವರ ಸಹಾಯಕ ರೋಗಿಯಾದ. ಅವನು ಇಂಗ್ಲಿಷಿನಲ್ಲಿ ಹೇಳಿದ, ನಾನು ಜರ್ಮನ್‌ಗೆ ತಂದೆ, ವೈದ್ಯರ ಪಾತ್ರದವರು ಬರೆದುಕೊಂಡರು. ಇಪ್ಪತ್ತು ನಿಮಿಷದಲ್ಲಿ ಸುಸೂತ್ರವಾಗಿ ಮುಗಿಯಿತು. “ನೋಡಿ, ಆಗುತ್ತದೆ!” ಎಂದರು ಸಂಸದೆ. ನನಗೂ ಸಮಾಧಾನವಾಯಿತು. ನಮ್ಮ ರೋಗಿ ಸ್ಪಷ್ಟವಾಗಿ ಮಾತಾಡಿದ್ದ ಎಂಬುದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

ನಿಜವಾದ ಟರ್ಮಿನ್, ಅಂದರೆ ನೆರವು ಕೊಡಬಹುದೇ ಎಂದು ಮಾತಾಡಿ ನೋಡಲು ವೈದ್ಯರು ಮನೆಗೆ ಬರುವ ದಿನ, ಏಳು ವಾರಗಳ ನಂತರಕ್ಕೆ ನಿಗದಿಯಾಯಿತು. ಅಷ್ಟರಲ್ಲಿ ವಸುಧಾರ ಮಾತಿನಲ್ಲಿ ಉಳಿದಿದ್ದದ್ದೂ ಹೋಗಿತ್ತು. ಕಣ್ಣಿನಿಂದ ಅಕ್ಷರ ಆರಿಸುವ ಯಂತ್ರಕ್ಕೆ ಅರ್ಜಿ ಹಾಕಿ ತಿಂಗಳುಗಳಾಗಿದ್ದವು, ಬಂದಿರಲಿಲ್ಲ. ಬಂದ ವೈದ್ಯರು ಒಳ್ಳೆಯವರು, ಎಚ್ಚರದವರು. ಹೌದು, ಅಲ್ಲ ಎಂದು ಕಣ್ಣು ಮಿಟುಕಿಸಿದರೆ ಸಾಲದು, ಕಾರಣ ಅವರದೇ ಮಾತಿನಲ್ಲಿ ಬರಬೇಕು, ನಾನು ಬಾಯಿಗೆ ಮಾತು ಹಾಕಕೂಡದು ಎಂದರು. ಸರಿಯಾದ ಎಚ್ಚರಿಕೆಯೇ. ಯಾರೋ ಒತ್ತಾಯಿಸಿ ಹೌದು ಅನ್ನಿಸಬಾರದಲ್ಲ. ನಾಗರಾಜ ಕೆಲಸಕ್ಕೆ ಹೋಗಿದ್ದರು. ಇಳಾ ತನ್ನ ಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದಳು.

“ಯಾಕೆ ಬೇಕು ಅನ್ನಿಸುತ್ತಿದೆ?” ಎಂದರು ವೈದ್ಯರು. ನಾನು ಕನ್ನಡದಲ್ಲಿ ಕೇಳಿದೆ. ವಸುಧಾ ಹೇಳಿದರು. ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ. ಮತ್ತೆ ಹೇಳಿದರು. ಫೋನಿನ ಪರದೆಯಲ್ಲಿ ಕಲೋನ್ ನಗರದಿಂದ ಒಬ್ಬ ವೃತ್ತಿಪರ ದುಭಾಷಿಯನ್ನೂ ಹಿಡಿದೆವು, ರಾಯಚೂರಿನವರು. ಅವರು ಎರಡು ಸಲ ಕೇಳಿಸಿಕೊಂಡು, “ಕ್ಷಮಿಸ್ರಿ, ಇದು ನನ್ನ ಕೈಲಿ ಆಗೂದಿಲ್ಲ” ಎಂದು ತಪ್ಪಿಸಿಕೊಂಡರು. ಮುಕ್ಕಾಲು ಗಂಟೆ ಕಳೆಯಿತು. ವಸುಧಾರ ಹಣೆಯಲ್ಲಿ ಬೆವರು. ವೈದ್ಯರು ಕಾಗದಗಳನ್ನು ಜೋಡಿಸತೊಡಗಿದರು. ಮುಂದಿನ ಟರ್ಮಿನ್ ಯಾವಾಗಲೋ ತಿಳಿಯದು.

ಆಗ ನಾನು ಎದ್ದು ಬಾಗಿಲು ತೆಗೆದೆ. ವಸುಧಾ ಏನೋ ಅಂದರು. ಅದೊಂದು ಮಾತ್ರ ನನಗೆ ಅರ್ಥವಾಯಿತು. ಬೇಡ ಅಂದಿದ್ದರು.

“ಇಳಾ, ಒಂದು ನಿಮಿಷ ಬಾಮ್ಮ.”

ಅವಳು ಪೆನ್ಸಿಲ್ ಹಿಡಿದೇ ಬಂದಳು. ವೈದ್ಯರು, “ಇಲ್ಲ, ಈ ಮಗು ಬೇಡ” ಎಂದರು. ಇಳಾ ಜರ್ಮನ್‌ನಲ್ಲಿ, “ಯಾವಾಗಲೂ ನಾನೇ ಮಾಡೋದು” ಎಂದಳು. ವೈದ್ಯರು ನನ್ನ ಮುಖ ನೋಡಿದರು. ಆಗಲಿ ಎಂದು ತಲೆ ಆಡಿಸಿದ್ದು ನಾನು. ಇಳಾ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ತಾಯಿಯ ಬಾಯಿಯ ಬಳಿ ಕಿವಿ ಇಟ್ಟು, “ಹೇಳ ಮಮ್ಮಿ” ಅಂದಳು.

ವಸುಧಾ ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಹೇಳಿದರು. ಅವರು ಗಣಿತದ ಮೇಡಂ, ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟು ಗೊತ್ತಿಲ್ಲದವರು. ಇಳಾ ನೆಟ್ಟಗೆ ಕೂತು ವೈದ್ಯರಿಗೆ ಒಪ್ಪಿಸಿದಳು. ಸ್ವರ ಏರಲಿಲ್ಲ.

“ಅಮ್ಮ ಹೇಳುತ್ತಿದ್ದಾಳೆ, ಕಾರಣ ನಾನು. ನನಗೆ ಶಾಲೆ ಇದೆ, ಗೆಳತಿಯರಿದ್ದಾರೆ. ನಾನು ಅವಳ ಬಾಯಿಯಾಗಿ ಬದುಕಬಾರದು. ಅದಕ್ಕೇ ಅವಳಿಗೆ ಸಾಕು. ನೋವು ತಡೆದುಕೊಳ್ಳಬಲ್ಲಳಂತೆ.” ಮತ್ತೆ ವೈದ್ಯರನ್ನೇ ಕೇಳಿದಳು: “ಇನ್ನೇನಾದರೂ ಕೇಳಬೇಕಾ?”

ವೈದ್ಯರು ಇನ್ನೇನೂ ಕೇಳಲಿಲ್ಲ. ಮಗುವಿಗೆ ಹೊರೆಯಾಗುತ್ತೇನೆಂಬ ಕಾರಣ, ಅದನ್ನು ಹೇಳಿದ್ದು ಆ ಮಗುವೇ. ಈ ಮಾತುಕತೆ ಲೆಕ್ಕಕ್ಕಿಲ್ಲ ಎಂದು ಬರೆದುಕೊಂಡು ಹೋದರು. ಅವರು ಮಾಡಿದ್ದು ಸರಿ. ವಸುಧಾ ಕೇಳಿದ್ದು ಸಿಗಲಿಲ್ಲ, ಬೇಡವೆಂದದ್ದು ಆಗಿಹೋಯಿತು. ಹನ್ನೆರಡನೆಯ ದಿನ ನ್ಯುಮೋನಿಯಾ ಬಂತು. ಮೂರು ರಾತ್ರಿ, ಅಷ್ಟೆ. ಅಂತ್ಯಕ್ರಿಯೆಯ ಮರುವಾರ ಕಣ್ಣಿನ ಯಂತ್ರದ ಪೆಟ್ಟಿಗೆ ಬಂತು. ಪಾರ್ಸೆಲ್‌ನವನಿಗೆ ಸಹಿ ಹಾಕಿದ್ದು ಇಳಾ.

ಸಂಸದೆಗೆ ಎಲ್ಲವನ್ನೂ ಹೇಳಿದೆ, ನಡೆದ ಕ್ರಮದಲ್ಲಿ, ವಿಶೇಷಣಗಳಿಲ್ಲದೆ. ಮೂವತ್ತು ವರ್ಷದ ಅಭ್ಯಾಸ.

“ಅಂದರೆ ನನ್ನ ವಾಕ್ಯ ಕಾನೂನಾಗಿದ್ದರೆ,” ಎಂದರು ಅವರು, “ಆ ತಾಯಿಗೆ ಬಾಯಿಯೇ ಇರುತ್ತಿರಲಿಲ್ಲ.”

“ಹೌದು.”

“ಕಾನೂನು ಇಲ್ಲದ್ದರಿಂದ ಮಗಳು ಕೂರಬೇಕಾಯಿತು.”

“ಕೂರಿಸಿದ್ದು ನಾನು.”

ಅವರು ನನ್ನನ್ನು ಸಮಾಧಾನಪಡಿಸಲಿಲ್ಲ. ಅದಕ್ಕಾಗಿ ಈಗಲೂ ಅವರ ಮೇಲೆ ನನಗೆ ಗೌರವ. ಚೀಟಿಗೆ ಎರಡನೆಯ ವಾಕ್ಯ ಸೇರಿಸಿದರು: ರೋಗಿಯ ಮಾತನ್ನು ತಿಳಿಸುವ ಸಾಧನವನ್ನು ಸಕಾಲಕ್ಕೆ ಒದಗಿಸುವುದು ಸರ್ಕಾರದ ಹೊಣೆ. ಎರಡೂ ಮಸೂದೆಯವರ ಬಳಿ ಒಯ್ದರು. ಯಾರೂ ಬೇಡ ಅನ್ನಲಿಲ್ಲ, ಯಾರೂ ಹಾಕಿಕೊಳ್ಳಲಿಲ್ಲ. ಇದು ವಿವರ, ಆಮೇಲೆ ನಿಯಮಾವಳಿಯಲ್ಲಿ ನೋಡೋಣ ಎಂದರಂತೆ. ಜುಲೈ 6ರಂದು ಆ ‘ಆಮೇಲೆ’ಯೂ ಹೋಯಿತು. ನಂತರ ಆ ಎರಡು ವಾಕ್ಯಗಳನ್ನು ಮಕ್ಕಳ ರಕ್ಷಣೆಯ ಕಾನೂನಿನಲ್ಲಾದರೂ ಇಡಲು ಓಡಾಡಿದರು. ಅಲ್ಲಿಯವರು ಇದು ಆರೋಗ್ಯದ ವಿಷಯ ಎಂದರು, ಆರೋಗ್ಯದವರು ಇದು ಮಕ್ಕಳ ವಿಷಯ ಎಂದರು. 2024ರ ನವೆಂಬರಿನಲ್ಲಿ ಸರ್ಕಾರ ಮುರಿದುಬಿತ್ತು. ಮುಂದಿನ ಫೆಬ್ರುವರಿಯ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಈಗ ಮತ್ತೆ ಕುಟುಂಬ ನ್ಯಾಯಾಲಯದಲ್ಲಿದ್ದಾರೆ.

ಭಾನುವಾರ ಸಂಜೆ ನಾಗರಾಜರಿಗೆ ಫೋನ್ ಮಾಡಿದೆ. ಅಡುಗೆಯ ಕಥೆ ಹೇಳಿ ನಗಿಸಬೇಕೆಂದಿದ್ದೆ. ಇಳಾ ಹೇಗಿದ್ದಾಳೆ ಎಂದು ಮೊದಲು ಕೇಳಿದೆ.

“ಆಸ್ಪತ್ರಿಗೆ ಹೋಗ್ಯಾಳ್ರೀ.”

“ಯಾಕೆ, ಏನಾಯ್ತು?”

“ಆಕಿಗೇನೂ ಆಗಿಲ್ಲ. ರಾಣೆಬೆನ್ನೂರಿನ ಅಜ್ಜಿ ಒಬ್ಬಾಕಿ, ಮಗನ ಮನಿಗೆ ಬಂದಾಕಿ, ಪಾರ್ಶ್ವವಾಯು ಹೊಡದೈತಿ. ಮಾತು ಯಾರಿಗೂ ತಿಳಿವಲ್ದು, ಮಗನಿಗೂ. ಆಸ್ಪತ್ರಿಯವರ ಹಳೇ ಫೈಲಿನಾಗ ಇಳಾನ ನಂಬರ್ ಇತ್ತಂತ.”

“ಅವಳಿಗೆ ಹದಿನೇಳು ಅಂತ ಹೇಳಿದ್ರಾ?”

“ಹೇಳಿದೆ. ಅಷ್ಟೊತ್ತಿಗೆ ಆಕಿನ ನನ್ನ ಕೈಯಾಗಿನ ಫೋನ್ ಕಸಗೊಂಡು, ಬರ್ತೀನಿ ಅಂದ್ಲು.”

ಇಳಾ ಮನೆ ಬಿಟ್ಟದ್ದು ಬೆಳಿಗ್ಗೆ ಹನ್ನೊಂದಕ್ಕೆ. ನಾನು ಫೋನ್ ಮಾಡಿದಾಗ ಸಂಜೆ ಆರೂವರೆ. ಇನ್ನೂ ಬಂದಿರಲಿಲ್ಲ.