ಡ್ರಮ್ಮಿನ ಗಂಗೆಗೆ ಚೆಂಡುಹೂವು

ಗೆಳೆಯರೇ, ಜೆ.ಪಿ. ನಗರದಲ್ಲಿ ದೋಣಿ ಕೆಟ್ಟು ನಿಂತದ್ದು ಕೇಳಿದ್ದೀರಾ? ಇವತ್ತು ನಮ್ಮ ಕಾಂಪೌಂಡಿನಲ್ಲೇ ನಿಂತಿತು.

ಮನೆ ಓನರ್ ಶ್ರೀಕಂಠಯ್ಯ ಅಂಕಲ್ ರಿಟೈರ್ ಆದ ಮೇಲೆ ಕೊಂಡ ಹಳೇ ಮೋಟಾರು ದೋಣಿ ಅದು. ಕಾರು ಬೀದಿಯಲ್ಲಿ, ದೋಣಿ ಪಾರ್ಕಿಂಗಿನಲ್ಲಿ. ಇಂಜಿನ್ ಬಿಸಿಯಾಗದಿರಲು ಅದು ಕೆರೆಯ ನೀರನ್ನು ಎಳೆದುಕೊಳ್ಳಬೇಕು. ಇವತ್ತಿನ ಟ್ರಯಲ್‌ಗೆ ಕೆರೆಯ ಬದಲು ಒಂದು ಡ್ರಮ್ ನೀರು, ಅದರೊಳಗೆ ಪೈಪು. "ಇವತ್ತು ಓಡ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ತೀನಿ" ಎಂದು ಆಂಟಿ ಬೆಳಿಗ್ಗೆಯೇ ಹೇಳಿದ್ದರು.

ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೆ ಇಂಜಿನ್ ಕಾದು ಹೊಗೆ ಬಂತು. ಅಂಕಲ್ ಮೆಕ್ಯಾನಿಕ್ ಸಲೀಮಣ್ಣನ ಮೇಲೆ ಹರಿಹಾಯ್ದರು. "ಪಂಪ್ ಹೊಸದು ಹಾಕಿದೀನಿ ಅಂದ್ಯಲ್ಲಯ್ಯ!"

ಸಲೀಮಣ್ಣ ನೀರಿನ ಫಿಲ್ಟರ್ ಬಿಚ್ಚಿದರು. ಒಳಗೆ ಒಂದು ಹಿಡಿ ಚೆಂಡುಹೂವಿನ ಎಸಳು.

"ಸಾರ್, ಇದು ಡ್ರಮ್ಮಿಗೆ ಹೆಂಗ್ ಬಂತು?"

"ದೋಣಿ ಅಂದ್ಮೇಲೆ ಗಂಗೆ ಪೂಜೆ ಮಾಡ್ಬೇಕಲ್ಲಪ್ಪ." ಅಂಕಲ್ ದನಿ ಇಳಿದಿತ್ತು.

ಎಸಳು ತೆಗೆದು, ನೀರು ಬದಲಿಸಿದ ಮೇಲೆ ಇಂಜಿನ್ ಚೆನ್ನಾಗಿಯೇ ಓಡಿತು. ಗುಜರಿ ತಪ್ಪಿತು. ಆಂಟಿ ಮಾತ್ರ ಹಣೆ ಚಚ್ಚಿಕೊಂಡರು. "ಒಂದು ಡ್ರಮ್ಮಿಗೇ ಹಿಂಗಾದ್ರೆ, ಕೆರೆಗೆ ಹೋದಾಗ ಏನ್ರೀ ಗತಿ?"

"ಕೆರೆ ದೊಡ್ಡದು ಕಣೇ. ಹೂವು ಜಾಸ್ತಿ ಬೇಕಾಗುತ್ತೆ."

ಸಲೀಮಣ್ಣ ಚೀಟಿ ತೆಗೆದು ಬರೆದುಕೊಂಡರು: ಸ್ಪೇರ್ ಫಿಲ್ಟರ್, ಎರಡು.