ಗಾಳಿಯಣ್ಣನ ಮನೆಯ ವಿಸಿಆರ್

ಗಾಳಿಯಣ್ಣನಿಗೆ ಆ ಹೆಸರು ಬಂದದ್ದು ಅವನ ಬಾಯಿಂದಲೇ. ಟಿವಿ, ವಿಸಿಆರ್, ಆಂಪ್ಲಿಫೈಯರ್ ಯಾವುದು ಕೆಟ್ಟಿತೆಂದು ಕರೆಸಿದರೂ ಅವನು ಮೊದಲು ಸ್ಕ್ರೂಡ್ರೈವರ್ ತೆಗೆಯುತ್ತಿರಲಿಲ್ಲ. ಮಗುವಿಗೆ ಜ್ವರ ಬಂದಿದೆಯೋ ಎಂದು ನೋಡುವ ಹಾಗೆ ಯಂತ್ರದ ನೆತ್ತಿಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ ಮನೆಯವರಿಗೆ ಭಾಷಣ ಶುರು.

"ಗಾಳಿ ಬಿಡ್ರಪ್ಪಾ, ಗಾಳಿ ಬಿಡಿ! ಇದನ್ನ ಗಾಜಿನ ಶೋಕೇಸಲ್ಲಿ ಕೂಡಿಹಾಕಿ, ಅದೂ ಆಂಪ್ಲಿಫೈಯರ್ ತಲೆ ಮೇಲೆ ಕೂರಿಸಿದ್ದೀರಲ್ಲ, ಕೆಳಗಿನದು ಬಿಟ್ಟ ಬಿಸಿಯೆಲ್ಲಾ ಮೇಲಿನದಕ್ಕೇ ತಾನೆ? ನಿಮ್ಮನ್ನ ಹೀಗೆ ಕೂರಿಸಿದ್ರೆ ಸುಮ್ಮನಿರ್ತೀರಾ?"

ಭಾಷಣ ಮುಗಿದ ಮೇಲೆ ಚೀಲದಿಂದ ನಾಲ್ಕು ಸೋಡಾ ಬಾಟಲಿ ಮುಚ್ಚಳ ತೆಗೆದು ಯಂತ್ರದ ನಾಲ್ಕು ಮೂಲೆಗೂ ಇಡುತ್ತಿದ್ದ. ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಆಗಬೇಕು, ಅಲ್ಲಿಂದ ತಣ್ಣನೆ ಗಾಳಿ ಹತ್ತಬೇಕು, ಮೇಲ್ಮುಚ್ಚಳದ ಸೀಳುಗಳಿಂದ ಬಿಸಿ ಹೊರಗೆ ಹೋಗಬೇಕು ಎಂಬುದು ಅವನ ಲೆಕ್ಕ. ಬಸ್ ಕಂಡಕ್ಟರನ ಮನೆಯಲ್ಲಂತೂ ಆಗಷ್ಟೇ ಪಾಲಿಶ್ ಮಾಡಿಸಿದ ಶೋಕೇಸಿನ ಬೆನ್ನಿಗೆ ಗರಗಸ ಹಾಕಿ ತಟ್ಟೆಯಗಲ ತೂತು ಕೊರೆದು ಬಂದಿದ್ದ. ಕಂಡಕ್ಟರನ ಹೆಂಡತಿ ಆ ಬೇಸಿಗೆ ಪೂರ್ತಿ ಅವನ ಜೊತೆ ಮಾತು ಬಿಟ್ಟಿದ್ದಳು.

ಇಂಥ ಮನುಷ್ಯನ ಸ್ವಂತ ಮನೆಯ ವಿಸಿಆರ್ ಮಾತ್ರ ವರ್ಷಾನುಗಟ್ಟಲೆ ಕೆಟ್ಟು ಕೂತಿತ್ತು. ಬೀದಿಯವರಿಗೆ ಇದಕ್ಕಿಂತ ತಮಾಷೆ ಬೇಕೇ? "ಏನಣ್ಣಾ, ನಿಮ್ಮನೆಗೆ ಯಾವ ರಿಪೇರಿಯವನನ್ನ ಕಳಿಸೋಣ?" ಎಂದು ಕಂಡಕ್ಟರ್ ಸಿಕ್ಕಲ್ಲೆಲ್ಲ ಕಾಲೆಳೆಯುತ್ತಿದ್ದ. ಗಾಳಿಯಣ್ಣ ಪಾರ್ಟು ಸಿಗುವುದಿಲ್ಲವೆಂದು ನಗುತ್ತಿದ್ದ. ಆ ನಗುವನ್ನು ನಂಬಬೇಡಿ. ಆ ವಿಸಿಆರ್‌ಗೆ ಏನೂ ಆಗಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿತ್ತು.

ಅವನ ಹೆಂಡತಿಯನ್ನು ಬೀದಿಯೆಲ್ಲ ಕ್ರೋಶಾ ಅಕ್ಕ ಎನ್ನುತ್ತಿತ್ತು. ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯುವುದನ್ನು ಅವಳಿಗೆ ಕಲಿಸಿದವಳು ಅವಳ ತಂಗಿ. ಆ ತಂಗಿ, ಮದುವೆಯಾದ ಮರುವರ್ಷವೇ, ಯಾರೂ ಎಣಿಸದ ಕಾಯಿಲೆಯಲ್ಲಿ ತೀರಿಕೊಂಡಳು. ಅಕ್ಕ ಹಾಸಿಗೆ ಹಿಡಿದಳು. ಊಟ ಮುಂದಿಟ್ಟರೆ ತಟ್ಟೆ ಹಾಗೇ ಒಣಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ತಂಗಿಯ ಮದುವೆಯ ಕ್ಯಾಸೆಟ್ ಒಂದೇ. ಅದರಲ್ಲಿ ತಂಗಿ ಕ್ಯಾಮೆರಾದವನನ್ನು ಏನೋ ಛೇಡಿಸಿ, ಸೆರಗು ಬಾಯಿಗೆ ತುರುಕಿಕೊಂಡು ನಗುವ ಒಂದು ತುಣುಕಿತ್ತು. ಅದನ್ನೇ ಹಾಕುವಳು, ಹಿಂದಕ್ಕೆ ತಿರುಗಿಸುವಳು, ಮತ್ತೆ ಹಾಕುವಳು.

ಒಂದು ದಿನ ಅವಳು ತಾನಾಗಿಯೇ ಎದ್ದು, ತಂಗಿ ಅರ್ಧಕ್ಕೆ ಬಿಟ್ಟಿದ್ದ ಹೂವಿನ ಹೆಣಿಗೆಯನ್ನು ಹುಡುಕಿ ತೆಗೆದಳು. ಅದನ್ನು ಮುಗಿಸಿ ವಿಸಿಆರ್‌ಗೆ ಹೊದಿಕೆ ಮಾಡಿದಳು. ಬರೀ ಹೆಣಿಗೆಯಾಗಿದ್ದರೆ ತೂತು ತೂತಾಗಿ ಗಾಳಿಯಾದರೂ ಆಡುತ್ತಿತ್ತು. ಅವಳು ಒಳಗೆ ದಪ್ಪ ಬಟ್ಟೆಯ ಲೈನಿಂಗ್ ಕೊಟ್ಟು ಹೊಲಿದಿದ್ದಳು. ಅದಕ್ಕೆ ಕಾರಣವೂ ಗಾಳಿಯಣ್ಣನೇ. ಮದುವೆಯಾದ ಹೊಸತರಲ್ಲಿ, ತನ್ನ ಕಸುಬಿನ ಜಂಬ ಕೊಚ್ಚಿಕೊಳ್ಳಲು, "ಮೆಷಿನ್‌ಗೆ ಧೂಳಿಗಿಂತ ದೊಡ್ಡ ಶತ್ರು ಇಲ್ಲ ಕಣೇ" ಎಂದಿದ್ದ. ಹೆಂಡತಿ ಅದನ್ನು ವೇದವಾಕ್ಯ ಮಾಡಿಕೊಂಡಿದ್ದಳು.

"ನೋಡ್ರೀ, ಒಂದು ಕಣ ಧೂಳು ಹೋಗಲ್ಲ," ಎಂದು ಹೊದಿಕೆ ಹೊದಿಸಿ, ಎಷ್ಟೋ ತಿಂಗಳ ಮೇಲೆ ಮೊದಲ ಬಾರಿ ಅವಳು ಅವನ ಮುಖ ನೋಡಿದಳು.

ತೆಗಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನಿಮಗೆ ಬರುತ್ತಿತ್ತೇ?

ಹೊದಿಕೆಯ ಕೆಳಗೆ ಕ್ಯಾಸೆಟ್ ದಿನವಿಡೀ ಓಡಿತು. ಅವಳು ಅಡುಗೆಮನೆಗೆ ಹೋದಾಗ ಅವನು ಲೈನಿಂಗ್ ಕೆಳಗೆ ಕೈ ತೂರಿಸಿ ನೋಡುತ್ತಿದ್ದ. ಬಿಸಿಗೆ ಅಂಗೈ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಹಿಂಬದಿಯಿಂದ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಕರೆಂಟಿನ ಭಾಗದ ಕೆಪಾಸಿಟರ್‌ಗಳು ಕಾದು ಕಾದು ಹೊಟ್ಟೆ ಉಬ್ಬಿಸಿಕೊಂಡಿದ್ದವು. ಅವನ್ನು ಬದಲಾಯಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಬದಲಾಯಿಸಿಯೂ ಆಯಿತು. ಆದರೆ ಮೇಲ್ಮುಚ್ಚಳ ಹಾಕಿ ಎದ್ದು ನಿಂತಾಗ ಅವನ ಬಾಯಿಂದ ಬಂದದ್ದು ಬೇರೆಯೇ ಮಾತು. "ಇದರ ಕಥೆ ಮುಗೀತು ಕಣೇ. ಪಾರ್ಟು ಸಿಗಲ್ಲ." ಹೊದಿಕೆ ಉಳಿಯುತ್ತದೆ, ಮನೆಗೆ ಬೆಂಕಿ ಬೀಳುವುದಿಲ್ಲ, ಇವಳು ಆ ನಗುವಿನ ಮುಂದೆ ಕೂತು ಅಳುವುದೂ ನಿಲ್ಲುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇರೆ ಯಾರ ಮನೆಯಲ್ಲಾದರೂ ಹಾಕಿಸಿಕೊಂಡು ನೋಡು ಎಂದದ್ದಕ್ಕೆ ಅವಳು, "ಇನ್ನೊಬ್ಬರ ಮನೇಲಿ ಕೂತು ಅಳೋಕೆ ನನ್ನಿಂದಾಗಲ್ಲ" ಎಂದು ಕ್ಯಾಸೆಟ್ಟನ್ನು ಸೀರೆಗಳ ನಡುವೆ ಎತ್ತಿಟ್ಟಳು.

ಅಲ್ಲಿಗೆ ಮುಗಿಯಿತೇ? ಇಲ್ಲ. ಕೈ ಒಮ್ಮೆ ಆಡತೊಡಗಿದ ಮೇಲೆ ಅಕ್ಕ ನಿಲ್ಲಿಸಲಿಲ್ಲ. ಬೀದಿಯಲ್ಲಿ ಯಾರು ವಿಸಿಆರ್ ತಂದರೂ ಅವಳ ಉಡುಗೊರೆ ಒಂದು ಹೊದಿಕೆ, ತಂಗಿಯ ಹೂವು, ಒಳಗೆ ಲೈನಿಂಗ್. ಅವಳು ಹೊದಿಸಿ ಬಂದ ಮನೆಗಳಿಗೆ ಗಾಳಿಯಣ್ಣ ಹಿಂದಿನಿಂದ ಹೋಗುತ್ತಿದ್ದ. "ಇದನ್ನ ತೆಗೆದಿಡಿ. ನಮ್ಮನೆಯವಳಿಗೆ ಮಾತ್ರ ಗೊತ್ತಾಗೋದು ಬೇಡ. ಅವಳು ಬಂದಾಗ ಒಂಚೂರು ಹಾಕಿಬಿಡಿ" ಎಂದು ಕೈ ಮುಗಿಯುತ್ತಿದ್ದ. ಅಕ್ಕನನ್ನು ಕಂಡರೆ ಎಲ್ಲರಿಗೂ ಅಕ್ಕರೆ, ಎಲ್ಲರೂ ಒಪ್ಪಿದರು. ಅವಳ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ಒಳಗೆ ಯಾರೋ ಓಡಿಹೋಗಿ ಬೀರುವಿನಿಂದ ಹೊದಿಕೆ ತೆಗೆದು ವಿಸಿಆರ್ ಮೇಲೆ ಎಳೆಯುತ್ತಿದ್ದರು. "ಅಕ್ಕ ಹೊದಿಸ್ತಾರೆ, ಅಣ್ಣ ತೆಗೆಸ್ತಾನೆ, ಒಳ್ಳೆ ಸಂಸಾರ!" ಎಂದು ಕಂಡಕ್ಟರ್ ನಗುತ್ತಿದ್ದ. ಇಡೀ ಬೀದಿ ಸೇರಿ ಒಬ್ಬಳಿಗೆ ನಾಟಕ ಆಡುತ್ತಿತ್ತು, ಅವಳು ಸಂತೋಷವಾಗಿ ಮನೆಗೆ ಬರುತ್ತಿದ್ದಳು.

ಹೊಡೆತ ಬಿದ್ದದ್ದು ನರ್ಸಮ್ಮನ ಮನೆಯಲ್ಲಿ.

ನರ್ಸಮ್ಮನಿಗೆ ಮಧ್ಯಾಹ್ನದ ಡ್ಯೂಟಿ ಇದ್ದಾಗ ಸಂಜೆಯ ಧಾರಾವಾಹಿ ತಪ್ಪುತ್ತಿತ್ತು. ಅದಕ್ಕೆ ವಿಸಿಆರ್‌ನಲ್ಲಿ ಟೈಮರ್ ಇಟ್ಟು ಹೋಗುವುದು ರೂಢಿ. ಅದು ತಾನಾಗಿ ಶುರುವಾಗಿ ತಾನಾಗಿ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಮನೆಯಲ್ಲಿ ಇರುತ್ತಿದ್ದವರು ಕಾಲು ಬಿದ್ದುಹೋಗಿ ಮಂಚ ಹಿಡಿದಿದ್ದ ಅತ್ತೆ ಒಬ್ಬರೇ. ಆ ದಿನ ಊಟದ ಹೊತ್ತಿಗೆ ಕ್ರೋಶಾ ಅಕ್ಕ ಅತ್ತೆಯನ್ನು ಮಾತಾಡಿಸಲು ಹೋದಳು. ಚಪ್ಪಲಿ ಸದ್ದು ಕೇಳಿ ನರ್ಸಮ್ಮ ಹೊದಿಕೆ ಎಳೆದಳು. ಅಕ್ಕ ಹರಟಿ ಎದ್ದು ಬರುವಷ್ಟರಲ್ಲಿ ಡ್ಯೂಟಿಗೆ ಹೊತ್ತಾಗಿತ್ತು. ನರ್ಸಮ್ಮ ಟೈಮರ್ ಒತ್ತಿ, ಬಾಗಿಲಿಗೆ ಬೀಗ ಹಾಕಿಕೊಂಡು ಓಡಿದಳು. ಹೊದಿಕೆ ಹಾಗೇ ಉಳಿಯಿತು.

ಸಂಜೆ ಕಿಟಕಿಯಿಂದ ಹೊಗೆ ಕಂಡು ಪಕ್ಕದವರು ಬಾಗಿಲು ಒಡೆದರು. ಗಾಳಿಯಣ್ಣ ಓಡಿ ಬರುವಷ್ಟರಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಬೆಂಕಿ ದೊಡ್ಡದಾಗಿರಲಿಲ್ಲ. ವಿಸಿಆರ್‌ನ ಮುಂಭಾಗದ ಪ್ಲಾಸ್ಟಿಕ್ಕು ಕರಗಿ ಕೆಳಗೆ ಸೋರಿತ್ತು. ಅದರ ಮೇಲೆ ಲೈನಿಂಗ್ ಬಟ್ಟೆ ಕರ್ರಗೆ ಕರಕಲಾಗಿ, ಗಾಳಿಯ ಸೀಳುಗಳಿಗೆ ಅಂಟಿಕೊಂಡಿತ್ತು. ಒಂದು ಅಂಚಿನಲ್ಲಿ ಮಾತ್ರ ಹೆಣಿಗೆಯ ಹೂವು ಬೆಳ್ಳಗೆ ಉಳಿದಿತ್ತು. ಗಾಳಿಯಣ್ಣ ಎಂದಿನಂತೆ ಅಂಗೈ ಇಡಲು ಹೋಗಿ ಹಿಂದೆಗೆದ.

ಆಸ್ಪತ್ರೆಯ ಹಜಾರದಲ್ಲಿ ನರ್ಸಮ್ಮ ಯೂನಿಫಾರ್ಮಿನಲ್ಲೇ ನಿಂತಿದ್ದಳು. ಅವನು ತಲೆ ತಗ್ಗಿಸಿ ಹತ್ತಿರ ಹೋದ.

"ಅಕ್ಕ ಬಂದಿದ್ರಲ್ಲಣ್ಣಾ, ಅದಕ್ಕೆ ಹಾಕ್ದೆ. ತೆಗಿಯೋದು ಮರೆತೇಬಿಟ್ಟೆ. ನನ್ನದೇ ತಪ್ಪು" ಎಂದಳು. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅತ್ತೆ ಹೇಗಿದ್ದಾರೆ?"

"ಎದೆಗೆ ಹೊಗೆ ಇಳಿದಿದೆಯಂತೆ. ಈಗಲೇ ಏನೂ ಹೇಳೋಕಾಗಲ್ಲ ಅಂತಾರೆ."

ಅವನು ಮನೆಗೆ ಬಂದಾಗ ಹೆಂಡತಿ ದೀಪದ ಬೆಳಕಿಗೆ ಕೂತಿದ್ದಳು. ಮಡಿಲಲ್ಲಿ ಹೊಸ ನೂಲಿನ ಉಂಡೆ, ಪಕ್ಕದಲ್ಲಿ ಅಳತೆಗೆ ಕತ್ತರಿಸಿದ ಲೈನಿಂಗ್ ಬಟ್ಟೆ. ಕಡ್ಡಿ ಬಿರುಸಾಗಿ ಓಡುತ್ತಿತ್ತು, ಕಣ್ಣಲ್ಲಿ ನೀರಿತ್ತು.

"ಏನಾಯ್ತಂತೆ ರೀ? ವೈರು ಸುಟ್ಟುಹೋಯ್ತಾ? ಪಾಪ, ಹೊದಿಕೇನೂ ಹೋಯ್ತಂತೆ. ಅತ್ತೆ ಮನೆಗೆ ಬರೋ ಹೊತ್ತಿಗೆ ಇನ್ನೊಂದು ಮಾಡಿಕೊಡ್ತೀನಿ. ಈ ಸಲ ಲೈನಿಂಗ್ ಎರಡು ಮಡಿಕೆ ಹಾಕ್ತಿದ್ದೀನಿ."

ಗಾಳಿಯಣ್ಣ ಅವಳ ಎದುರಿಗೆ ನೆಲದ ಮೇಲೆ ಕುಳಿತು ಕಡ್ಡಿ ಹಿಡಿದ ಅವಳ ಕೈಯನ್ನು ತಡೆದ.

"ಬೇಡ ಕಣೇ. ಹೊದಿಕೆಯಿಂದಲೇ ಆಯ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬಿಸಿ ಮೇಲಕ್ಕೆ ಹೋಗಬೇಕು, ಹೋಗಲು ದಾರಿ ಇಲ್ಲದಿದ್ದರೆ ಒಳಗೇ ಸೇರಿಕೊಂಡು ಯಂತ್ರವನ್ನು ತಿನ್ನುತ್ತದೆ ಎಂದು, ಬೀದಿಗೆಲ್ಲ ಹೇಳಿದ್ದ ಪಾಠವನ್ನು ಅವನು ಅವಳಿಗೆ ಮೊದಲ ಸಲ ಹೇಳಿದ.

"ಧೂಳು ಅಂತ ನೀವೇ ಹೇಳಿದ್ರಲ್ಲ."

"ಹೇಳಿದ್ದೆ. ಬಾಯಿಗೆ ಬಂದದ್ದು ಹೇಳಿದ್ದೆ."

"ಮತ್ತೆ ಉಳಿದ ಮನೆಗಳಲ್ಲಿ? ಅಲ್ಲೆಲ್ಲಾ ಹಾಕಿದ್ದಾರಲ್ಲ, ಏನೂ ಆಗಿಲ್ವಲ್ಲ?"

ಅವನು ಕತ್ತರಿಸಿದ ಲೈನಿಂಗ್ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವಳು ಅವನ ಮುಖವನ್ನೇ ನೋಡುತ್ತಾ ಹೋದಳು, ನೋಡುತ್ತಾ ನೋಡುತ್ತಾ ಅವಳ ಮುಖದ ಬಣ್ಣ ಇಳಿಯಿತು.

"ನಾನು ಹೋದಾಗ ಮಾತ್ರ ಹಾಕ್ತಾರಾ?"

"ಹೂಂ."

"ಎಲ್ಲರೂ?"

"ಎಲ್ಲರೂ. ನಾನೇ ಹೇಳಿದ್ದು."

ಅವಳು ಅಳಲಿಲ್ಲ. ಹೆಣಿಗೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಎದ್ದು, ಮೂಲೆಯ ಮೇಜಿನ ಮೇಲೆ ತಂಗಿಯ ಹೂವು ಹೊದ್ದು ಕೂತಿದ್ದ ತಮ್ಮ ವಿಸಿಆರ್ ಮುಂದೆ ನಿಂತಳು. ಕೇಳದಿರಲಿ ಎಂದು ಗಾಳಿಯಣ್ಣ ಒಳಗೊಳಗೇ ಬೇಡಿಕೊಂಡ.

"ಇದು?"

ಇನ್ನೊಂದು ಸುಳ್ಳು ಹೇಳಲು ಅವನಿಗೆ ಶಕ್ತಿ ಉಳಿದಿರಲಿಲ್ಲ. "ಚೆನ್ನಾಗಿದೆ. ಅವತ್ತೇ ಸರಿಮಾಡಿದ್ದೆ. ಸುಮ್ಮನೆ ಬಿಟ್ಟರೆ ಒಳಗಿನ ಬೆಲ್ಟು ಜಡ್ಡುಗಟ್ಟುತ್ತೆ ಅಂತ, ನೀನು ಹೊರಗೆ ಹೋದಾಗ ಆಗಾಗ ಓಡಿಸಿ ಇಡ್ತಿದ್ದೆ."

"ಯಾವ ಕ್ಯಾಸೆಟ್ ಹಾಕಿ?"

"ಅದೇ. ಅದೂ ಓಡದೆ ಇದ್ರೆ ಅಂಟಿಕೊಳ್ಳುತ್ತೆ."

ಅವಳು ಮೆಲ್ಲಗೆ, ನಿಜಕ್ಕೂ ತಿಳಿದುಕೊಳ್ಳಲು ಕೇಳುವವಳಂತೆ ಕೇಳಿದಳು: "ಹೊದಿಕೆ ತೆಗಿ ಅಂದಿದ್ರೆ ನಾನು ತೆಗೀತಿರಲಿಲ್ವಾ?"

ಈ ಪ್ರಶ್ನೆ ಇಷ್ಟು ವರ್ಷದಲ್ಲಿ ಗಾಳಿಯಣ್ಣನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಕುಸಿದುಬೀಳುತ್ತಾಳೆ ಎಂದು ತಾನೇ ತೀರ್ಮಾನಿಸಿ, ಬೀದಿಯನ್ನೆಲ್ಲ ಕಾವಲಿಗೆ ನಿಲ್ಲಿಸಿದ್ದ. ಅವಳು ತೆಗೆದು ಮಡಿಸಿ, ಸೀರೆಯ ಜೊತೆ ಇಟ್ಟು, ತಂಗಿಯ ನಗುವನ್ನು ನೋಡಿಕೊಂಡಿರುತ್ತಿದ್ದಳು. ಅಷ್ಟೇ ಆಗುತ್ತಿತ್ತು.

ಮರುದಿನ ಆಸ್ಪತ್ರೆಯಿಂದ ಸುದ್ದಿ ಬಂತು. ಅತ್ತೆಯ ಮೂಗಿನ ನಳಿಗೆ ತೆಗೆದಿದ್ದರು. ಕಣ್ಣು ಬಿಟ್ಟ ಮುದುಕಿ ಮೊದಲು ಕೇಳಿದ್ದು ಧಾರಾವಾಹಿ ಏನಾಯಿತು ಎಂದಂತೆ. ಗಾಳಿಯಣ್ಣ ಬಾಗಿಲಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ. ಹೆಂಡತಿ ಹತ್ತಿರ ಬಂದು ಕೇಳಿಸಿಕೊಂಡಳು, ಸದ್ಯ ಎಂದು ಕೈ ಜೋಡಿಸಿದಳು, ಅವನನ್ನು ಮುಟ್ಟಲಿಲ್ಲ.

ಬೀದಿಯ ಮನೆಗಳಿಗೆಲ್ಲ ಅವಳು ಒಂದು ಚೀಲ ಹಿಡಿದು ಹೋದಳು. ಬಾಗಿಲಲ್ಲೇ ನಿಂತು, "ಹೊದಿಕೆ ಕೊಟ್ಟುಬಿಡಿ" ಎಂದಳು. ಅಭ್ಯಾಸಬಲದಿಂದ ಕೆಲವರು ಅದನ್ನು ಹೊದಿಸಲು ಒಳಗೋಡಿ, ನಾಚಿ, ಕೈಯಲ್ಲಿ ಹಿಡಿದುಕೊಂಡೇ ಬಂದರು. ಒಂದಕ್ಕೂ ಕಲೆಯಿರಲಿಲ್ಲ, ಮಡಿಕೆಯ ಗೆರೆ ಮಾತ್ರ ಇತ್ತು. ಕಂಡಕ್ಟರ್ ಅಂದು ಯಾವ ತಮಾಷೆಯನ್ನೂ ಮಾಡಲಿಲ್ಲ.

ಸಂಜೆ ಅವಳು ತಮ್ಮ ವಿಸಿಆರ್ ಮೇಲಿನ ಹೊದಿಕೆ ತೆಗೆದು ಮಡಿಸಿಟ್ಟಳು. ಸೀರೆಗಳ ನಡುವಿನಿಂದ ಕ್ಯಾಸೆಟ್ ತಂದಳು. ಅವನು ಸೋಡಾ ಮುಚ್ಚಳಗಳನ್ನು ಅದರ ಮೂಲೆಗಳಿಗಿಟ್ಟು, ವೈರು ಸಿಕ್ಕಿಸಿ, ಕ್ಯಾಸೆಟ್ಟಿಗೆ ಕೈ ಚಾಚಿದ.

"ನಾನು ಹಾಕ್ಕೋತೀನಿ. ನೀವು ಹೊರಗಿರಿ" ಎಂದು ಅವಳು ಬಾಗಿಲು ಮುಂದೆ ಮಾಡಿದಳು.

ಅವನು ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ಮದುವೆಮನೆಯ ಗದ್ದಲ, ಆಮೇಲೆ ನಾದಿನಿಯ ಆ ನಗು, ಟೇಪು ಹಿಂದಕ್ಕೆ ಸುತ್ತುವ ಸದ್ದು, ಮತ್ತೆ ಅದೇ ನಗು. ಹೆಂಡತಿ ಅಳುತ್ತಾಳೇನೋ ಎಂದು ಕಿವಿಗೊಟ್ಟ. ಕೇಳಿಸಲಿಲ್ಲ.

ಬೀದಿ ದೀಪ ಹತ್ತಿದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. "ಕೈ ಇಟ್ಟು ನೋಡಿದೆ. ಬೆಚ್ಚಗಿದೆ. ಅಷ್ಟಿರಬಹುದಾ?"

"ಅಷ್ಟು ಇರುತ್ತೆ. ಏನೂ ಆಗಲ್ಲ, ಧೈರ್ಯವಾಗಿ ನೋಡು."

ಅವಳು ಹೋಗಲಿಲ್ಲ. ಸಂದಿನಿಂದ ಅವನನ್ನೇ ನೋಡುತ್ತಾ, "ನಿಜ ತಾನೇ?" ಎಂದಳು.

"ನಿಜ ಕಣೇ."

ಅವಳು ಒಳಗೆ ಹೋದಳು. ತೆರೆದ ಸಂದಿನಿಂದ ಅವನಿಗೆ ಕಂಡಿತು: ಅವಳು ಕೂರುವ ಮೊದಲು ವಿಸಿಆರ್ ಮೇಲೆ ಇನ್ನೊಮ್ಮೆ ಅಂಗೈ ಇಟ್ಟು ನೋಡಿದಳು.