ಗಿರಾಕಿಯನ್ನು ಏಳಿಸುವ ವಿದ್ಯೆ

ತ್ರಿಪ್ಲಿಕೇನಿನ ಸುಬ್ರಾಯರ ಹೋಟೆಲಿನಲ್ಲಿ ಮಧ್ಯಾಹ್ನ ಉಣ್ಣುವವನ ಕುರ್ಚಿಯ ಹಿಂದೆ ಮುಂದಿನವನು ನಿಂತಿರುತ್ತಾನೆ. ಅವನ ಹಿಂದೆ ಇನ್ನೊಬ್ಬ. ಮಜ್ಜಿಗೆ ಮುಗಿಸಿದವನು ಮಾತಿಗೆ ಕೂತನೆಂದರೆ ಸಾಮ್ರಾಜ್ಯವೇ ಅಲ್ಲಾಡುತ್ತದೆ. ಆಗ ಸುಬ್ರಾಯರು ಗಲ್ಲಾದ ಸಿಂಹಾಸನದಿಂದ ಅಸ್ತ್ರ ಹೂಡುತ್ತಾರೆ. ಮೊದಲು ಒದ್ದೆ ಬಟ್ಟೆ: ಮಾಣಿಯೊಬ್ಬ ಗಿರಾಕಿಯ ಮೊಣಕೈ ಸುತ್ತ ಮೇಜು ಒರೆಸುತ್ತಾನೆ. ಅದಕ್ಕೂ ಬಗ್ಗದಿದ್ದರೆ ತಲೆಯ ಮೇಲಿನ ಫ್ಯಾನು ನಿಂತುಹೋಗುತ್ತದೆ. ಚೆನ್ನೈಯ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವ ಗಂಡು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನಿಗಾಗಿ ಬ್ರಹ್ಮಾಸ್ತ್ರವೂ ಉಂಟು. ಸುಬ್ರಾಯರು ಖುದ್ದಾಗಿ ಹೋಗಿ, ಮಗುವನ್ನು ಮಾತಾಡಿಸುವ ಅಕ್ಕರೆಯಲ್ಲಿ, “ವೇರೆ ಎನ್ನ ಸಾರ್ ವೇಣುಂ?” ಎನ್ನುತ್ತಾರೆ. ಇನ್ನೇನು ಬೇಕೆಂದು ಇಷ್ಟು ಪ್ರೀತಿಯಿಂದ ಕೇಳಿಸಿಕೊಂಡ ಮೇಲೂ ಕೂತವರಿಲ್ಲ.

ಅವರ ಮಗಳು ಹರ್ಷಿಣಿ ಬೆಳೆದದ್ದು ಈ ಗುರುಕುಲದಲ್ಲಿ. ಶಾಲೆ ಬಿಟ್ಟೊಡನೆ ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕೂತು ಹೋಮ್‌ವರ್ಕ್ ಬರೆಯುವಳು. ಸ್ವಿಚ್ ಬೋರ್ಡು ಅವಳ ತಲೆಯ ಮೇಲೆಯೇ. ಅಪ್ಪ ಹುಬ್ಬು ಹಾರಿಸಿದರೆ ಸಾಕು, ಪುಸ್ತಕದಿಂದ ಕಣ್ಣೆತ್ತದೆ ಸರಿಯಾದ ಫ್ಯಾನನ್ನೇ ಆರಿಸುವಳು. ಲೆಕ್ಕದಲ್ಲಿ ಫೇಲಾದಳು, ಫ್ಯಾನಿನಲ್ಲಿ ಒಮ್ಮೆಯೂ ತಪ್ಪಲಿಲ್ಲ.

ದೊಡ್ಡವಳಾದ ಮೇಲೆ ಈ ವಿದ್ಯೆಯ ನೆನಪಿಗೇ ನಾಚಿಕೆಯಾಗತೊಡಗಿತು. ಉಣ್ಣುವವರನ್ನು ಎಬ್ಬಿಸಿ ಬದುಕುವುದೂ ಒಂದು ಬದುಕೇ? ಬ್ಯಾಂಕಿನ ಕೆಲಸ ಬಿಟ್ಟು, ಉಳಿಸಿದ್ದನ್ನೆಲ್ಲ ಸುರಿದು, ಚೆನ್ನೈಯದೇ ಅಡ್ಯಾರಿನಲ್ಲಿ ‘ನಿಧಾನ’ ಎಂಬ ಕಾಫಿ ಅಂಗಡಿ ತೆರೆದಳು. ‘ಎಷ್ಟು ಹೊತ್ತಾದರೂ ಕೂರಿ’ ಎಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆಸಿದಳು. ಎ.ಸಿ. ಮುಂದಿನ ವರ್ಷಕ್ಕಿರಲಿ ಎಂದು ಫ್ಯಾನು ಹಾಕಿಸಿದಳು. ಸ್ವಿಚ್ ಬೋರ್ಡು ಎಲ್ಲಿ ಎಂದು ಕೆಲಸದವನು ಕೇಳಿದಾಗ, ಯೋಚಿಸದೆ, ಗಲ್ಲಾದ ಹತ್ತಿರ ಎಂದಳು.

ಸುಬ್ರಾಯರು ಬಂದು ಗೋಡೆ ಓದಿದರು. “ಎಂತದು ಮಾರಾಯ್ತಿ ಇದು? ಹೋಟೆಲಾ, ರೈಲ್ವೆ ಸ್ಟೇಷನ್ನಾ?”

“ಅಪ್ಪಾ, ನೀವು ಚುಮ್ಮಾ ಇರಿ. ಈಗಿನವರು ಕಾಫಿಗೆ ಬರುದಲ್ಲ, ಕೂತ್ಕೊಳ್ಳಿಕ್ಕೆ ಬರುದು.”

“ಯಾಕೆ, ಅವರ ಮನೇಲಿ ಕುರ್ಚಿ ಇಲ್ವಾ?”

ಜನ ಬಂದರು, ಕೂತರು, ಬೇಗ ಎದ್ದರು. ಎದ್ದವರು ಮರಳಲಿಲ್ಲ. ಯಾಕೆಂದು ಹರ್ಷಿಣಿಗೆ ತಿಳಿಯಲಿಲ್ಲ. ಬಾಗಿಲು ಹಾಕುವುದೊಂದೇ ಉಳಿದಿದ್ದಾಗ ಮೈಸೂರಿನ ಅರವಿಂದ್ ಬಂದ. ಅವನದೊಂದು ಸಣ್ಣ ಕಂಪೆನಿ, ಆಫೀಸಿಲ್ಲ.

“ಇವತ್ತೊಂದಿನ ಕೂತು ನೋಡ್ತೀನಿ ಮೇಡಂ. ಸರಿಹೋದ್ರೆ ನಾಳೆಯಿಂದ ನಮ್ಮೋರೆಲ್ಲ ದಿನಾ ಇಲ್ಲೇ.”

ಅಂಗಡಿಯ ಪ್ರಾಣ ಆ ಒಂದು ಕುರ್ಚಿಯಲ್ಲಿ ಕೂತಿತು. ಹರ್ಷಿಣಿಗೆ ಇದ್ದ ಭಯವೆಲ್ಲ ಮೂಲೆಯಲ್ಲಿ ಕೂತಿದ್ದ ಅಪ್ಪನದು. ಅರವಿಂದನ ಲೋಟ ಖಾಲಿಯಾಗಿ ಬಹಳ ಹೊತ್ತಾಗಿತ್ತು, ಸುಬ್ರಾಯರ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

“ಅಪ್ಪಾ, ಆ ಕಡೆ ನೋಡ್ಬೇಡಿ,” ಎಂದು ಗಲ್ಲಾದಿಂದಲೇ ಪಿಸುಗುಟ್ಟಿದಳು.

“ನೋಡ್ಲಿಲ್ಲ. ಆದ್ರೆ ಲೋಟ ಒಣಗಿದೆ ಮಗಾ.”

“ಒಣಗ್ಲಿ.”

ಅಪ್ಪನನ್ನು ಕಣ್ಣಲ್ಲೇ ಕಟ್ಟಿಹಾಕಿ ನಿಂತಿರುವಾಗ ಅರವಿಂದ್ ತಲೆಯೆತ್ತಿದ. “ಮೇಡಂ, ಕರೆಂಟ್ ಹೋಯ್ತಾ?”

ಹರ್ಷಿಣಿ ತಿರುಗಿದಳು. ಸ್ವಿಚ್ಚಿನ ಮೇಲೆ ಒಂದು ಕೈ ಇತ್ತು. ಬಳೆ ಅವಳದೇ.

“ಸಾರಿ ಸರ್, ಸಾರಿ,” ಎನ್ನುತ್ತ ಫ್ಯಾನು ಹಾಕಿ, ತಪ್ಪು ತಿದ್ದಲು ಅವನ ಬಳಿಗೆ ಓಡಿದಳು. ಬರಿಗೈಯಲ್ಲಿ ನಿಲ್ಲುವುದು ಹೇಗೆ? ದಾರಿಯಲ್ಲಿ ಸಿಕ್ಕ ಬಟ್ಟೆಯಿಂದ ಅವನ ಲ್ಯಾಪ್‌ಟಾಪಿನ ಸುತ್ತ, ಮೊಣಕೈಯ ಸುತ್ತ ಒರೆಸಿದಳು. ನಿಲ್ಲಿಸಬೇಕೆಂದುಕೊಂಡಳು, ಕೈ ಕೇಳಲಿಲ್ಲ. ಅವನು ಮುದುಡಿದ. ಹೇಗಾದರೂ ಉಳಿಸಿಕೊಳ್ಳಬೇಕೆಂದು, ಎದೆಯಲ್ಲಿದ್ದ ಅಕ್ಕರೆಯನ್ನೆಲ್ಲ ದನಿಗೆ ತುಂಬಿ ಕೇಳಿದಳು:

“ಬೇರೆ ಏನು ಬೇಕು ಸರ್?”

ಅರವಿಂದ್ ಎದ್ದು ನಿಂತ. ಯಾಕೆ ಎದ್ದೆನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. “ಇಲ್ಲ ಮೇಡಂ, ಆಯ್ತು. ಬರ್ತೀನಿ.” ನಾಳೆಯ ಮಾತೆತ್ತದೆ ಹೊರಟುಹೋದ.

ಸುಬ್ರಾಯರ ಕಣ್ಣಲ್ಲಿ ನೀರಿತ್ತು. ದುಃಖದ್ದೋ ಹೆಮ್ಮೆಯದ್ದೋ ಅವರೇ ಹೇಳಬೇಕು. “ಇಷ್ಟು ಬೇಗ ನನ್ನಿಂದ್ಲೂ ಆಗ್ತಿರ್ಲಿಲ್ಲ,” ಎಂದರು.

ಅರವಿಂದ್ ಬಿಟ್ಟುಹೋದ ಕುರ್ಚಿಯಲ್ಲಿ ಹರ್ಷಿಣಿ ಕುಸಿದಳು. ಮೇಜಿಗೆ ಮೊಣಕೈ ಊರಿ ಮುಖ ಮುಚ್ಚಿಕೊಂಡಳು. ಮಗಳನ್ನು ಹೇಗೆ ಸಮಾಧಾನ ಮಾಡುವುದೆಂದು ಸುಬ್ರಾಯರಿಗೆ ತೋಚಲಿಲ್ಲ. ಕೊನೆಗೆ ಬಟ್ಟೆ ತೆಗೆದುಕೊಂಡು ಅವಳ ಮೊಣಕೈಯ ಸುತ್ತ ಮೆಲ್ಲಗೆ ಒರೆಸತೊಡಗಿದರು.

ಹರ್ಷಿಣಿ ಎದ್ದು ನಿಂತಳು.